ಉತ್ತರ ದಿಕ್ಕು ಫ್ಯಾನಿನಲ್ಲಿ ಇಲ್ಲ ಮಾರಾಯ್ರೇ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಬರೆದು ಹಗುರಾಗದಿದ್ದರೆ ರಾತ್ರಿ ನಿದ್ದೆ ಬರಲ್ಲ. ಓದುವ ಕರ್ಮ ನಿಮ್ಮದು.

ಶಿವಮೊಗ್ಗದ ನನ್ನ ಜೆರಾಕ್ಸ್ ಅಂಗಡಿಗೆ ಒಬ್ಬ ತಾಯಿ, ಮಗ ಬಂದರು. ಹುಡುಗ ಐದನೇ ಕ್ಲಾಸು. ಶಾಲೆಯ ಪ್ರಾಜೆಕ್ಟಿಗೆ ನೈಲ್ ನದಿಯ ಫೋಟೊ ಬೇಕಂತೆ, ನಾಲ್ಕು ಕಲರ್ ಪ್ರಿಂಟ್. ಪ್ರಿಂಟರ್ ಬಿಸಿಯಾಗುವವರೆಗೆ ಸುಮ್ನೆ ಮಾತಾಡಿಸಿದೆ. ಚುರುಕು ಹುಡುಗ. ಏಳು ಖಂಡ, ಐದು ಸಾಗರ ಒಂದೇ ಉಸಿರಿಗೆ ಒಪ್ಪಿಸಿದ. ತಾಯಿಯ ಮುಖ ಅರಳಿತು. ನಾನು ಅಲ್ಲಿಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಪುಟ್ಟಾ, ಉತ್ತರ ಯಾವ ಕಡೆ, ತೋರಿಸು ನೋಡೋಣ" ಅಂದೆ.

ಹುಡುಗ ಕೈ ಎತ್ತಿ ಫ್ಯಾನ್ ತೋರಿಸಿದ.

ತಮಾಷೆಗೆ ಅಂದುಕೊಂಡೆ. ಅಲ್ಲ. ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ ಉತ್ತರ ಮೇಲಿರುತ್ತದಲ್ಲ, ಹಾಗಾಗಿ ಉತ್ತರ ಅಂದರೆ ಮೇಲೆ. ಸರಿ, ನಮ್ಮ ತುಂಗೆ ಯಾವ ಕಡೆ ಹರಿಯುತ್ತಾಳೆ ಅಂದೆ. "ಕೆಳಗೆ, ಆಂಟಿ." ಇದು ತಪ್ಪೂ ಅಲ್ಲ, ಅದೇ ಕಷ್ಟ! ಕೆಳಗೆ ಅಂದರೆ ಯಾವ ಕಡೆ? "ದಕ್ಷಿಣಕ್ಕೆ."

ಹೊಳೆ ನಮ್ಮ ಅಂಗಡಿಯಿಂದ ಐದು ನಿಮಿಷದ ದಾರಿ. ಈ ಹುಡುಗ ದಿನಾ ಸೇತುವೆ ದಾಟಿ ಶಾಲೆಗೆ ಹೋಗುತ್ತಾನೆ. ಮೊನ್ನೆ ಹೊಳೆಯಲ್ಲಿರುವ ಕೋರ್ಪಲಯ್ಯನ ಮಂಟಪ ಮುಳುಗಿತಾ ಅಂತ ನೋಡೋಕೆ ಊರಿಗೆ ಊರೇ ಸೇತುವೆ ಮೇಲೆ ನಿಂತಿತ್ತಲ್ಲ, ಇವನೂ ಅಪ್ಪನ ಜೊತೆ ಹೋಗಿ ಸೆಲ್ಫಿ ತೆಗೆಸಿಕೊಂಡು ಬಂದವನೇ. ಗಾಜನೂರು ಕಡೆಯಿಂದ ಬಂದ ನೀರು ಕೂಡ್ಲಿ ಕಡೆಗೆ, ಅಂದರೆ ಈಶಾನ್ಯಕ್ಕೆ, ಅವನ ಕಾಲಡಿಯಲ್ಲೇ ನುಗ್ಗಿ ಹೋಯಿತು. ಅದು ಪಾಠ ಅಂತ ಅವನಿಗೆ ಯಾರೂ ಹೇಳಿಲ್ಲ.

ನನ್ನ ಸಿಟ್ಟು ಹುಡುಗನ ಮೇಲೆ ಅಲ್ಲ. ಮಲೆನಾಡಿನ ಮಕ್ಕಳನ್ನು ಕಿಟಕಿ ಮುಚ್ಚಿ ಕೂರಿಸಿ ಭೂಗೋಳ ಬಾಯಿಪಾಠ ಮಾಡಿಸುತ್ತೇವಲ್ಲ, ಅದರ ಮೇಲೆ. ಕಿಟಕಿ ತೆಗೆದರೆ ಅರ್ಧ ಸಿಲೆಬಸ್ ಹೊರಗೇ ಇದೆ.

ಈಗ ಮಳೆ ರಜೆಯನ್ನೇ ತಗೊಳ್ಳಿ. ಹೋದ ವಾರ ಪೂರ್ತಿ ಮಕ್ಕಳ ಬಾಯಲ್ಲಿ ಒಂದೇ ಮಾತು. ತೀರ್ಥಹಳ್ಳಿಗೆ ರಜೆ, ಹೊಸನಗರಕ್ಕೆ ರಜೆ, ಸಾಗರಕ್ಕೆ ರಜೆ, ನಮಗ್ಯಾಕಿಲ್ಲ? ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಪುಸ್ತಕದ ಅಭ್ಯಾಸದಲ್ಲಿ ಕೊಟ್ಟಿದ್ದಾರೆ ಹೇಳಿ. ಮಗುವೇ ಕೇಳುತ್ತಿದೆ, ಅದೂ ಹೊಟ್ಟೆಕಿಚ್ಚಿನಿಂದ! ಅಲ್ಲಿಂದ ಹಿಡಿದರೆ ಸಾಕು. ಅರಬ್ಬೀ ಸಮುದ್ರದ ಮೇಲಿಂದ ನೀರಿನ ಪಸೆ ಹೊತ್ತ ಗಾಳಿ ಬರುತ್ತದೆ. ಘಟ್ಟ ಅಡ್ಡ ನಿಂತಿದೆ. ದಾರಿ ಇಲ್ಲ, ಮೇಲೆ ಹತ್ತಬೇಕು. ಹತ್ತಿದಂತೆ ತಣ್ಣಗಾಗುತ್ತದೆ, ಹೊತ್ತದ್ದನ್ನೆಲ್ಲ ಆಗುಂಬೆ, ಹುಲಿಕಲ್ ನೆತ್ತಿ ಮೇಲೆ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ. ನಮ್ಮ ಶಿವಮೊಗ್ಗ ಪೇಟೆಗೆ ಬರುವಷ್ಟರಲ್ಲಿ ಗಾಳಿಯ ಚೀಲ ಖಾಲಿ. ಇಲ್ಲಿ 1,000ದ ಆಸುಪಾಸು ಸುರಿದರೆ ಹೆಚ್ಚು. ಅದಕ್ಕೇ ಅವರಿಗೆ ರಜೆ, ನಿನಗೆ ಕ್ಲಾಸು. ಇಷ್ಟು ಹೇಳಿದ ಮೇಲೆ 'ಮಳೆನೆರಳು' ಅನ್ನುವ ಪದ ಕೊಡಿ, ಜನ್ಮದಲ್ಲಿ ಮರೆಯಲ್ಲ. ಪದವನ್ನೇ ಮೊದಲು ಕೊಟ್ಟರೆ ಎರಡು ಅಂಕ ಬರುತ್ತೆ, ಅಷ್ಟೇ.

ದೊಡ್ಡ ಮಾತಾಡ್ತಾಳೆ ಅನ್ನಬೇಡಿ. ಅಂಗಡಿ ಹಾಕುವ ಮೊದಲು ಎರಡು ವರ್ಷ ಸಾಗರದ ಕಡೆ ಅತಿಥಿ ಶಿಕ್ಷಕಿಯಾಗಿದ್ದೆ, ಗೊತ್ತಲ್ಲ ನಿಮಗೆ. ನಾನು ಮಾಡಿದ್ದೂ ಇದೇ ಕೆಲಸ. ಶರಾವತಿ ಎಲ್ಲಿ ಹುಟ್ಟುತ್ತದೆ, ಅಂಬುತೀರ್ಥ. ಜೋಗದ ಎತ್ತರ ಎಷ್ಟು, 253 ಮೀಟರ್. ಲಿಂಗನಮಕ್ಕಿ ಅಣೆಕಟ್ಟು ಯಾವಾಗ, 1964. ಹತ್ತು ಹತ್ತು ಸಲ ಬರೆಸುತ್ತಿದ್ದೆ. ಒಂದಿನ ನಾಲ್ಕನೇ ಕ್ಲಾಸಿನ ಹುಡುಗಿ ಎದ್ದು ನಿಂತು, "ಟೀಚರ್, ನಮ್ಮಜ್ಜನ ಮನೆ ಆ ನೀರಿನಡಿ ಇದೆಯಂತೆ, ಅದನ್ನ ನಕ್ಷೆಯಲ್ಲಿ ಎಲ್ಲಿ ಗುರುತು ಮಾಡ್ಬೇಕು?" ಅಂದಳು.

"ಕೂತ್ಕೊ, ಪೋರ್ಷನ್ ಮುಗೀಬೇಕು" ಅಂದೆ.

ಹಾಗೆ ಅಂದವಳು ನಾನು. ಮುಳುಗಡೆ ಮನೆಯವಳು! ನಮ್ಮಜ್ಜಿ ಸಾಯುವವರೆಗೂ ಬೇಸಿಗೆ ಬಂತು ಅಂದರೆ "ನೀರು ಇಳಿದಿದೆಯಾ, ನಮ್ಮ ಅಂಗಳ ಕಾಣ್ತದಾ" ಅಂತ ಕೇಳುತ್ತಿದ್ದವಳು. ಆ ಹುಡುಗಿ ಮತ್ತೆ ನನ್ನ ಕ್ಲಾಸಿನಲ್ಲಿ ಏನೂ ಕೇಳಲಿಲ್ಲ.

ಇರಲಿ.

ನೀವು ಏನು ಹೇಳುತ್ತೀರಿ ಗೊತ್ತು. ಹಾಗಾದರೆ ನೈಲ್ ಬೇಡವಾ, ನಮ್ಮ ಮಕ್ಕಳು ಬಾವಿ ಕಪ್ಪೆಗಳಾಗಬೇಕಾ, ನಾಳೆ ಕೆಎಎಸ್ ಬರೆಯಬೇಡವಾ? ಬೇಕು ಸ್ವಾಮಿ, ನೈಲೂ ಬೇಕು. ಆದರೆ ನೈಲ್ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ, ಮೆಡಿಟರೇನಿಯನ್ ಸಮುದ್ರಕ್ಕೆ. ಉತ್ತರ ಅಂದರೆ ಫ್ಯಾನು ಅಂದುಕೊಂಡ ಹುಡುಗನ ಪಾಲಿಗೆ ಆ ನೀರು ಗುಡ್ಡ ಹತ್ತಬೇಕು! ನಾಲ್ಕು ಫೋಟೊ ಅಂಟಿಸಿ ಗ್ಲಿಟರ್ ಪೆನ್ನಿನಲ್ಲಿ ಬಾರ್ಡರ್ ಹಾಕಿದರೆ ಇದು ಗೊತ್ತಾಗುತ್ತಾ?

ಮೇಷ್ಟ್ರ ಕಷ್ಟವೂ ಗೊತ್ತು. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ. ಮಕ್ಕಳನ್ನು ಹೊಳೆಗೆ ಕರೆದುಕೊಂಡು ಹೋಗಿ ಹೆಚ್ಚುಕಮ್ಮಿ ಆದರೆ ಯಾರು ಹೊಣೆ? ಒಪ್ಪಿದೆ, ಹೊಳೆ ಬೇಡ. ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಸೂರ್ಯನ ಕಡೆ ಮುಖ ಮಾಡಿಸಿ, ಎಡಗೈ ಚಾಚಿದರೆ ಉತ್ತರ ಅನ್ನೋಕೆ ಯಾವ ಇಲಾಖೆಯ ಆದೇಶ ಬೇಕು? (ಸರಿ, ಆಷಾಢದಲ್ಲಿ ಸೂರ್ಯ ಇರಲ್ಲ. ಉಳಿದ ತಿಂಗಳು ಇರ್ತಾನಲ್ಲ!)

ಬೆಳಿಗ್ಗೆ ನನಗೂ ತಡೆಯೋಕಾಗಲಿಲ್ಲ. ಹಾಳಾದ ಒಂದು ಜೆರಾಕ್ಸ್ ಹಾಳೆ ತಗೊಂಡು ಮುದ್ದೆ ಮಾಡಿದೆ, ಪೂರ್ತಿ ಬಿಡಿಸದೆ ಟೇಬಲ್ ಮೇಲಿಟ್ಟೆ. ಗುಡ್ಡಗಳ ಸಾಲು ರೆಡಿ. ಎದ್ದ ಮಡಿಕೆಗಳ ಮೇಲೆಲ್ಲ ನೀಲಿ ಸ್ಕೆಚ್ ಪೆನ್ನಿನಲ್ಲಿ ಗೀಚು ಅಂದೆ, ಗೀಚಿದ. ಬಾಟಲಿಯಿಂದ ಬೆರಳಲ್ಲಿ ನೀರು ಚಿಮುಕಿಸಿದೆ. ನೀಲಿ ಕರಗಿ ಮಡಿಕೆಯ ಆಚೆಗೊಂದು ಗೆರೆ, ಈಚೆಗೊಂದು ಗೆರೆ ಇಳಿಯಿತು. ಇದು ತೀರ್ಥಹಳ್ಳಿ ತಾಲೂಕು ಅಂದುಕೋ ಅಂದೆ. ಆಚೆ ಇಳಿದದ್ದು ಶರಾವತಿ, ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರಿತು. ಈಚೆ ಇಳಿದದ್ದು ತುಂಗೆ. ಕೂಡ್ಲಿಯಲ್ಲಿ ಭದ್ರೆ ಸಿಕ್ಕಳು, ಹೊಸಪೇಟೆ ದಾಟಿದರು, ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋದರು. ಒಂದೇ ತಾಲೂಕಿನ ಮಳೆ, ಎರಡು ಸಮುದ್ರ.

ಹುಡುಗ ಹಾಳೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಆಮೇಲೆ ತಲೆ ಎತ್ತಿ, "ಹಾಗಾದ್ರೆ ಗುಡ್ಡದ ತುದೀಲಿ ನಿಂತು ಉಚ್ಚೆ ಹೊಯ್ದರೆ ಎರಡೂ ಸಮುದ್ರಕ್ಕೆ ಹೋಗುತ್ತಾ ಆಂಟಿ?" ಅಂದ.

ತಾಯಿ ತಲೆಗೊಂದು ಮೊಟಕಿದರು. ನಾನು ಮನಸ್ಸಲ್ಲೇ ನೂರಕ್ಕೆ ನೂರು ಕೊಟ್ಟೆ.

"ಮೇಡಂ, ನೈಲ್ ಪ್ರಿಂಟ್ ಆಯ್ತಾ? ಆಟೋ ಕಾಯ್ತಿದೆ" ಅಂದರು ತಾಯಿ. ಆಗಿತ್ತು. 40 ರೂಪಾಯಿ ಕೊಟ್ಟರು. ಹುಡುಗ ಒದ್ದೆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಆಟೋ ಹತ್ತಿದ. ನೈಲ್ ಕವರ್ ಕೌಂಟರ್ ಮೇಲೆಯೇ ಉಳಿಯಿತು, ತಾಯಿ ವಾಪಸ್ ಬಂದು ತಗೊಂಡು ಹೋಗಬೇಕಾಯಿತು.

ಸಾಕು, ಕೆಲಸ ಇದೆ. ಒಂದು ಶಾಲೆಯಿಂದ 30 ಪ್ರಪಂಚ ನಕ್ಷೆ ಲ್ಯಾಮಿನೇಷನ್‌ಗೆ ಬಂದಿವೆ. ಉತ್ತರದ ಬಾಣ ಮೇಲ್ಗಡೆ ದಪ್ಪಗೆ ಕಾಣಬೇಕು ಅಂತ ಎರಡೆರಡು ಸಲ ಹೇಳಿ ಹೋಗಿದ್ದಾರೆ.