ದಡ ಮುಟ್ಟಿದ ಮೇಲೂ ಗಾಳಿ ನಿಲ್ಲುವುದಿಲ್ಲ

ಅಮೆರಿಕದಲ್ಲಿ ಹರಿಕೇನ್, ಅಂದರೆ ದೊಡ್ಡ ಚಂಡಮಾರುತ, ಎದ್ದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ದಡಕ್ಕೆ ಎಲ್ಲಿ ಬಡಿಯುತ್ತೆ? ಆ ಜಾಗದ ಹೆಸರು ಗೊತ್ತಾದರೆ ಸಾಕು, ದೂರದ ಊರಿನವರು ನಿರಾಳವಾಗುತ್ತಾರೆ. ನಾನಿರುವ ಆಗಸ್ಟಾ ಜಾರ್ಜಿಯಾ ರಾಜ್ಯದ ಒಳನಾಡಿನ ಊರು. ಇಲ್ಲಿ ಕಡಲಿಲ್ಲ, ಅಲೆಯಿಲ್ಲ. ಹೆಲೀನ್ ಎಂಬ ಹರಿಕೇನ್ ಬಂದದ್ದು 2024ರ ಸೆಪ್ಟೆಂಬರ್ 26ರ ರಾತ್ರಿ. ಅದು ದಡ ಮುಟ್ಟಿದ್ದು ಫ್ಲೋರಿಡಾದ ಪೆರ್ರಿ ಹತ್ತಿರ, ನಮ್ಮಿಂದ ಸುಮಾರು 400 ಕಿಲೋಮೀಟರ್ ದೂರದಲ್ಲಿ. ಬೆಳಗಾಗುವಷ್ಟರಲ್ಲಿ ನಮ್ಮೂರಿನ ಬೀದಿಗಳು ಮರದ ಕೆಳಗಿದ್ದವು.

ಮುನ್ಸೂಚನೆ ಕೈಕೊಟ್ಟಿತು ಅಂತ ಮಾತ್ರ ಯಾರೂ ಹೇಳುವ ಹಾಗಿಲ್ಲ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಸೆಪ್ಟೆಂಬರ್ 23ರಂದೇ ಎಚ್ಚರಿಸಿತ್ತು. ಆಗ ಈ ಚಂಡಮಾರುತಕ್ಕೆ ಹೆಸರು ಕೂಡ ಇರಲಿಲ್ಲ. ಅಲ್ಲಿಂದ ಮುಂದೆ ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11, ಹೀಗೆ ದಿನಕ್ಕೆ ನಾಲ್ಕು ಸಲ ಪೂರ್ತಿ ವರದಿ. ನಡುನಡುವೆ ಇನ್ನಷ್ಟು. ಹರಿಕೇನ್ ಹಂಟರ್ ವಿಮಾನಗಳು ಚಂಡಮಾರುತದ ಕಣ್ಣಿನೊಳಗೇ ಹಾರಿ ಡ್ರಾಪ್‌ಸಾಂಡ್ ಎಂಬ ಕೊಳವೆಗಳನ್ನು ಕೆಳಗೆ ಬಿಡುತ್ತವೆ. ಸಣ್ಣ ಪ್ಯಾರಾಚೂಟ್ ಕಟ್ಟಿಕೊಂಡ ಆ ಕೊಳವೆ, ನೀರಿಗೆ ಬೀಳುವವರೆಗೂ ಗಾಳಿಯ ವೇಗ, ಒತ್ತಡ, ತೇವ, ಬಿಸಿಯನ್ನು ಅಳೆದು ಕಳಿಸುತ್ತಲೇ ಇರುತ್ತದೆ. ಅದನ್ನು ಬಿಡಲು ಮನುಷ್ಯರು ಕುಳಿತು ಹೋಗುತ್ತಾರೆ ಎನ್ನುವುದು ಇವತ್ತಿಗೂ ನನಗೆ ಅಚ್ಚರಿ. ರಾತ್ರಿ 11:10ಕ್ಕೆ ಹೆಲೀನ್ ದಡ ಹತ್ತಿದಾಗ ಅದು ಐದು ಮೆಟ್ಟಿಲಿನ ಅಳತೆಯಲ್ಲಿ 4ನೇ ಕೆಟಗರಿ. ಗಾಳಿ ಗಂಟೆಗೆ 140 ಮೈಲಿ, ಅಂದರೆ ಸುಮಾರು 225 ಕಿಲೋಮೀಟರ್.

ಟಿವಿಯವರ ಕ್ಯಾಮೆರಾ ಅಲ್ಲಿಗೇ ನಿಂತುಬಿಡುತ್ತದೆ. ಗಾಳಿ ನಿಲ್ಲುವುದಿಲ್ಲ.

ಚಂಡಮಾರುತಕ್ಕೆ ಶಕ್ತಿ ಬರುವುದು ಬಿಸಿ ಕಡಲಿನಿಂದ. ನೆಲಕ್ಕೆ ಬಂದ ಕೂಡಲೇ ಆ ಶಕ್ತಿ ಕಡಿದುಹೋಗುತ್ತದೆ, ನಿಜ. ಆದರೆ ಅದು ಸೊರಗುವುದು ಗಂಟೆಗಳ ಲೆಕ್ಕದಲ್ಲಿ, ಮೈಲಿಗಳ ಲೆಕ್ಕದಲ್ಲಿ ಅಲ್ಲ. ನಿಧಾನವಾಗಿ ಸಾಗುವ ಚಂಡಮಾರುತ ಕರಾವಳಿಯಲ್ಲೇ ಸುಸ್ತಾಗುತ್ತದೆ. ಓಡುವಂಥದ್ದು ಅಷ್ಟೇ ಹೊತ್ತಿನಲ್ಲಿ ಎರಡು ಜಿಲ್ಲೆಯಲ್ಲ, ಇಡೀ ರಾಜ್ಯವನ್ನೇ ದಾಟಿಬಿಡುತ್ತದೆ. ಹೆಲೀನ್ ಓಡಿತು, ಗಂಟೆಗೆ ಸುಮಾರು 30 ಮೈಲಿ ವೇಗದಲ್ಲಿ. ಇಲ್ಲಿ ಚಂಡಮಾರುತ ಸಾಗುವ ದಿಕ್ಕಿಗೆ ಬಲಗಡೆ ಇರುವವರಿಗೆ ಹೊಡೆತ ಜಾಸ್ತಿ, ಯಾಕೆಂದರೆ ಸುತ್ತುವ ಗಾಳಿಗೆ ಓಟದ ವೇಗವೂ ಸೇರಿಕೊಳ್ಳುತ್ತದೆ. ನಾವಿದ್ದದ್ದು ಆ ಬಲಗಡೆಯಲ್ಲೇ.

ಸೆಪ್ಟೆಂಬರ್ 27ರ ಬೆಳಗಿನ ಜಾವ ಆಗಸ್ಟಾ ವಿಮಾನ ನಿಲ್ದಾಣದಲ್ಲಿ 82 ಮೈಲಿ ವೇಗದ ಬೀಸು ದಾಖಲಾಯಿತು. ಕಿಲೋಮೀಟರ್‌ನಲ್ಲಿ 132. ಹಿಂದಿನ ದಿನಗಳ ಮಳೆಗೆ ನೆಲ ಮೊದಲೇ ನೆಂದು ಮೆತ್ತಗಾಗಿತ್ತು. ಇಲ್ಲಿಯ ಪೈನ್ ಮರಗಳು ಮೂರು ಮಹಡಿಗಿಂತ ಎತ್ತರ. ಅವು ಮುರಿದು ಬೀಳಲಿಲ್ಲ, ಬುಡಸಮೇತ ಮಗುಚಿದವು. ಬೇರಿನ ಸಮೇತ ಎದ್ದು ನಿಂತ ಕೆಂಪು ಮಣ್ಣಿನ ಗೋಡೆ ನನಗಿಂತ ಎತ್ತರವಿತ್ತು. ನಮ್ಮ ಕಡೆಯ ಆರ್‌ಸಿಸಿ ಮನೆಯ ಮೇಲೆ ಮರ ಬಿದ್ದರೆ ಪ್ಯಾರಾಪೆಟ್ ಒಡೆಯಬಹುದು, ನೀರಿನ ಟ್ಯಾಂಕ್ ಹೋಗಬಹುದು. ಇಲ್ಲಿ ಮನೆ ಕಟ್ಟುವುದೇ ಮರದಿಂದ. ಆ ಎತ್ತರದ ಪೈನ್ ಬಿದ್ದರೆ ಮಾಡು ಸೀಳಿ ನೇರ ಮಲಗುವ ಕೋಣೆಗೆ ಬರುತ್ತದೆ. ಜಾರ್ಜಿಯಾದಲ್ಲಿ ಹೆಲೀನ್‌ಗೆ ಬಲಿಯಾದವರಲ್ಲಿ ಬಹಳಷ್ಟು ಜನ ಹೀಗೆ ಮರ ಬಿದ್ದೇ ಸತ್ತರು. ರಾಜ್ಯದಲ್ಲಿ 10 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ನಮ್ಮೂರಿನಲ್ಲಿ ನಲ್ಲಿ ನೀರೂ ನಿಂತಿತು. ಉತ್ತರ ಕೆರೊಲೈನಾದ ಬೆಟ್ಟಗಳಲ್ಲಿ ಬಂದ ಪ್ರವಾಹದ ಸಾವುನೋವು ಇನ್ನೂ ಭೀಕರ, ದೇಶದ ಕಣ್ಣು ಅಲ್ಲಿಗೆ ತಿರುಗಿದ್ದು ಸರಿಯೇ. ಆದರೆ ಗಾಳಿಗೆ ಸತ್ತವರ ಕಥೆ ಆ ನೀರಿನಲ್ಲಿ ಮುಳುಗಿಹೋಯಿತು.

ಹಾಗಾದರೆ ಎಚ್ಚರಿಕೆ ಇರಲಿಲ್ಲವೇ? ಇತ್ತು. ಚಂಡಮಾರುತ ವೇಗವಾಗಿ ಸಾಗುವುದರಿಂದ ಗಾಳಿ ಒಳನಾಡಿಗೆ ಬಹಳ ದೂರ ನುಗ್ಗುತ್ತದೆ ಎಂದು ಹರಿಕೇನ್ ಕೇಂದ್ರ ಮತ್ತೆ ಮತ್ತೆ ಬರೆಯಿತು. ನಮ್ಮ ಭಾಗಕ್ಕೆ ಟ್ರಾಪಿಕಲ್ ಸ್ಟಾರ್ಮ್ ವಾರ್ನಿಂಗ್, ಅಂದರೆ ಹರಿಕೇನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಬಿರುಗಾಳಿಯ ಎಚ್ಚರಿಕೆ, ಕೂಡ ಇತ್ತು. ಅದು ಜನರ ತಲೆಗೆ ಹೋಗಲಿಲ್ಲ ಅಷ್ಟೇ. ಎಲ್ಲರೂ ನೋಡುವುದು ಆ ಬಿಳಿ ಶಂಕುವಿನ ನಕ್ಷೆಯನ್ನು. ಚಂಡಮಾರುತದ ಕೇಂದ್ರ ಎಲ್ಲಿ ಹಾದುಹೋಗಬಹುದು ಅನ್ನುವುದನ್ನಷ್ಟೇ ಆ ಶಂಕು ಹೇಳುತ್ತದೆ. ಅದೂ ಮೂರರಲ್ಲಿ ಎರಡು ಸಲದ ಭರವಸೆ. ಗಾಳಿ ಎಷ್ಟು ಅಗಲ ಹರಡುತ್ತದೆ ಅಂತ ಅದು ಹೇಳುವುದೇ ಇಲ್ಲ. ಇದನ್ನು ಅರಿತೇ 2024ರ ಆಗಸ್ಟ್‌ನಲ್ಲಿ ಪ್ರಾಯೋಗಿಕವಾಗಿ ಹೊಸ ನಕ್ಷೆ ತಂದರು. ಅದರಲ್ಲಿ ಒಳನಾಡಿನ ಎಚ್ಚರಿಕೆಗಳಿಗೂ ಬಣ್ಣ ತುಂಬಿದ್ದರು. ಬಹಳ ಒಳ್ಳೆಯ ಕೆಲಸ. ಆದರೂ ನಕ್ಷೆ ಕೊಟ್ಟು, ಇನ್ನು ನೀನುಂಟು ನಿನ್ನ ಮನೆಯುಂಟು ಅನ್ನುವುದೇ ಇಲ್ಲಿಯ ಕ್ರಮ. ಕಾರಿರುವವನು ಹೊರಡುತ್ತಾನೆ. ಓದಿ ಅರ್ಥ ಮಾಡಿಕೊಳ್ಳುವವನು ತಯಾರಾಗುತ್ತಾನೆ. ಉಳಿದವರ ಬಾಗಿಲು ಯಾರು ತಟ್ಟಬೇಕು?

ಬಾಗಿಲು ತಟ್ಟುವ ವಿಷಯದಲ್ಲಿ ಒಡಿಶಾ ಬಹಳ ಮುಂದಿದೆ. 1999ರ ಸೂಪರ್ ಸೈಕ್ಲೋನ್‌ನಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. ಆ ಪೆಟ್ಟಿನಿಂದ ರಾಜ್ಯ ಕಲಿಯಿತು. 2019ರ ಮೇ 3ರಂದು ಫನಿ ಚಂಡಮಾರುತ ಪುರಿಯ ಹತ್ತಿರ ದಡ ಮುಟ್ಟುವ ಮೊದಲು ಸುಮಾರು 12 ಲಕ್ಷ ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದರು. ಲಕ್ಷಾಂತರ ಎಸ್ಸೆಮ್ಮೆಸ್ ಕಳಿಸಿದರು. ಮೈಕ್ ಹಿಡಿದು ಊರೂರು ಸುತ್ತಿದರು. ಸ್ವಯಂಸೇವಕರು ಮನೆಮನೆಗೆ ಹೋಗಿ ಅಜ್ಜಿಯರನ್ನು ಎಬ್ಬಿಸಿ ಕರೆದುಕೊಂಡು ಹೋದರು. ವಿಮಾನ ಹಾರಿಸಿ ಅಳೆಯುವ ವೈಭವ ನಮ್ಮಲ್ಲಿಲ್ಲ. ಉಪಗ್ರಹ ಮತ್ತು ರೇಡಾರ್ ನಂಬಿಕೊಂಡೇ ಇಷ್ಟು ಮಾಡಿದರು ಎನ್ನುವುದು ಹೆಮ್ಮೆಯ ವಿಷಯ, ಅಲ್ವಾ?

ಆದರೆ ಅಲ್ಲೂ ಗಮನವೆಲ್ಲ ಕಡಲಂಚಿನ ಮೇಲೇ. ಪುರಿಯಿಂದ ಒಳಕ್ಕೆ ಸುಮಾರು 60 ಕಿಲೋಮೀಟರ್ ದೂರದ ಭುವನೇಶ್ವರದಲ್ಲಿ ಫನಿ ಲೆಕ್ಕವಿಲ್ಲದಷ್ಟು ಮರ ಉರುಳಿಸಿತು. ಕಂಬಗಳು ಬಿದ್ದು ಎಷ್ಟೋ ದಿನ ಕರೆಂಟ್ ಇರಲಿಲ್ಲ. ಊರು ಬೇರೆ, ದೇಶ ಬೇರೆ, ಒಳನಾಡಿನವರ ಪಾಡು ಒಂದೇ.

ನಮ್ಮ ಕರ್ನಾಟಕದಲ್ಲಿ ಚಂಡಮಾರುತ ಅಂದರೆ ಕರಾವಳಿಯವರಿಗೆ ಕಡಲ ಕೊರೆತ. 2021ರ ತೌಕ್ತೆ ಚಂಡಮಾರುತವನ್ನು ಉಡುಪಿ, ಮಂಗಳೂರು, ಕಾರವಾರದ ಕಡೆಯವರು ಮರೆತಿಲ್ಲ. ಬೆಂಗಳೂರಿನವರಿಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಅಂದರೆ ಮೋಡ, ಜಿಟಿಜಿಟಿ ಮಳೆ, ಸ್ವೆಟರ್. ಗಾಳಿಯ ಭಯ ಅಲ್ಲಿ ಬರುವುದು ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ, ಕಾರಿನ ಮೇಲೆ ಮರ ಬಿದ್ದಾಗ. ಆದರೆ ನಮ್ಮ ರಾಜ್ಯದ ಒಂದು ವ್ಯವಸ್ಥೆಯನ್ನು ಇಲ್ಲಿಯವರಿಗೆ ನಾನು ಆಗಾಗ ಹೇಳುತ್ತಿರುತ್ತೇನೆ. ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. ಅದರ ವರುಣ ಮಿತ್ರ ಸಹಾಯವಾಣಿಗೆ ರೈತ ಫೋನ್ ಮಾಡಿದರೆ ಆ ಕಡೆಯಿಂದ ಒಬ್ಬ ಮನುಷ್ಯ ಕನ್ನಡದಲ್ಲಿ ಮಾತಾಡುತ್ತಾನೆ. ನಿನ್ನೂರಿಗೆ ಏನಾಗುತ್ತೆ ಅಂತ ನಿನ್ನ ಮಾತಿನಲ್ಲೇ ಹೇಳುವುದು ದೊಡ್ಡ ವಿಷಯ. ಇಲ್ಲಿ ಮೊಬೈಲಿಗೆ ಬರುವ ತುರ್ತು ಸಂದೇಶ ಇಂಗ್ಲಿಷ್ ಅಥವಾ ಸ್ಪ್ಯಾನಿಷ್‌ನಲ್ಲಿ ಬರುತ್ತದೆ.

ಒಳನಾಡಿನ ಊರಿಗೆ ಕೆಟಗರಿ ನಂಬರ್ ಹೇಳಿ ಪ್ರಯೋಜನವಿಲ್ಲ. ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಮರ ಬೀಳುವ ಗಾಳಿ ಬರುತ್ತೆ, ಮರದ ಕಡೆಯ ಕೋಣೆಯಲ್ಲಿ ಮಲಗಬೇಡಿ, ಕೆಳಗಿನ ಮಹಡಿಗೆ ಬನ್ನಿ ಅಂತ ಬಿಡಿಸಿ ಹೇಳಬೇಕು. ವಿಜ್ಞಾನ ಇಲ್ಲಿಯದಿರಲಿ, ಕರೆಯುವ ರೀತಿ ಒಡಿಶಾದ್ದಿರಲಿ. ಸರ್ಕಾರ ಮಾಡುವವರೆಗೆ ಕಾಯುವುದು ಬೇಡ ಅಂತ ನಮ್ಮ ಕನ್ನಡ ಬಳಗದಲ್ಲಿ ಬೀದಿಗೊಬ್ಬರ ಹೆಸರು ಬರೆದಿಡಲು ಶುರು ಮಾಡಿದ್ದೇವೆ. ಜೂನ್ 1ಕ್ಕೆ ಹರಿಕೇನ್ ಸೀಸನ್ ಆರಂಭ. ಊರಿಂದ ಅಪ್ಪ ಅಮ್ಮಂದಿರು ಬಂದು ಇಳಿದುಕೊಳ್ಳುವುದೂ ಹೆಚ್ಚಾಗಿ ಆ ತಿಂಗಳುಗಳಲ್ಲೇ. ಮಗ ಸೊಸೆ ಕೆಲಸಕ್ಕೆ ಹೋದಾಗ ಫೋನ್ ಕೂಗಿಕೊಂಡರೆ ಅವರಿಗೆ ಅದೇನೆಂದು ಗೊತ್ತಾಗುವುದಿಲ್ಲ. ಮೊದಲ ಕರೆ ಅವರಿಗೇ ಹೋಗಬೇಕು ಅಂತ ಪಟ್ಟಿಯಲ್ಲಿ ಅವರ ಹೆಸರನ್ನು ಮೇಲೆ ಬರೆದಿದ್ದೇವೆ.