ಲೈಕ್ ಕಂಡಲ್ಲೆಲ್ಲ ಸಿಮಿಲಿ ಅಂತ ಬರೆಸಬೇಡಿ

ತುಮಕೂರಿನ ಪುಸ್ತಕದಂಗಡಿಯಲ್ಲಿ ಇವತ್ತು ಹತ್ತನೇ ಕ್ಲಾಸಿನ ಇಂಗ್ಲಿಷ್ ಗೈಡ್ ಒಂದನ್ನು ತಿರುವಿ ನೋಡಿದೆ. ಫಿಗರ್ಸ್ ಆಫ್ ಸ್ಪೀಚ್, ಅಂದರೆ ಅಲಂಕಾರಗಳ ಪುಟದಲ್ಲಿ ಚೌಕ ಹಾಕಿ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ್ದಾರೆ: ವಾಕ್ಯದಲ್ಲಿ ಲೈಕ್ ಅಥವಾ ಆಸ್ ಇದ್ದರೆ ಸಿಮಿಲಿ (ಉಪಮೆ), ಇಲ್ಲದಿದ್ದರೆ ಮೆಟಫರ್ (ರೂಪಕ). ಅಷ್ಟೇ, ಮುಂದಿನ ಸಾಲಿಗೆ ಪರ್ಸಾನಿಫಿಕೇಶನ್ ಶುರು. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಈ ಸೂತ್ರ ನಂಬಿದ ಮಗು ಎಲ್ಲೆಲ್ಲಿ ಎಡವುತ್ತೆ ನೋಡಿ. ‘ಐ ಲೈಕ್ ಮ್ಯಾಂಗೋಸ್’: ಇಲ್ಲಿ ಲೈಕ್ ಕ್ರಿಯಾಪದ. ‘ಫ್ರೂಟ್ಸ್ ಲೈಕ್ ಮ್ಯಾಂಗೋ ಅಂಡ್ ಗ್ವಾವಾ’: ಮಾವು, ಸೀಬೆ ಮೊದಲಾದ ಹಣ್ಣು ಅಂತ, ಬರೀ ಉದಾಹರಣೆ. ‘ಇಟ್ ಲುಕ್ಸ್ ಲೈಕ್ ರೇನ್’: ಮಳೆ ಬರೋ ಹಾಗಿದೆ ಅನ್ನೋ ಅಂದಾಜು. ಇನ್ನು ‘ಶಿ ಲುಕ್ಸ್ ಲೈಕ್ ಹರ್ ಮದರ್’. ಇಲ್ಲಿ ಹೋಲಿಕೆ ಇದೆ, ಆದರೂ ಸಿಮಿಲಿ ಅಲ್ಲ. ಮಗಳು ತಾಯಿಯನ್ನು ಹೋಲೋದು ಇದ್ದದ್ದನ್ನು ಇದ್ದ ಹಾಗೆ ಹೇಳೋ ಮಾತು. ತಿಪಟೂರಿನ ಒಂದು ಉಂಡೆ ಕೊಬ್ಬರಿ ಇನ್ನೊಂದರ ಹಾಗಿದೆ ಅಂದರೆ ಯಾರೂ ಅಲಂಕಾರ ಅನ್ನಲ್ಲ. ಅಜ್ಜನ ಮನಸ್ಸು ತೆಂಗಿನಕಾಯಿ ಹಾಗೆ, ಮೇಲೆ ಗಟ್ಟಿ, ಒಳಗೆ ಸಿಹಿ ಅಂದರೆ ಅದು ಉಪಮೆ. ಮನಸ್ಸೇ ಬೇರೆ, ಕಾಯೇ ಬೇರೆ. ಎರಡನ್ನೂ ಒಂದು ಗುಣ ಕಟ್ಟಿಹಾಕಿದೆ.

ನನ್ನ ಹೊಟ್ಟೆ ಉರಿಯೋದು ಇದಕ್ಕೆ: ಇದನ್ನೆಲ್ಲ ಆ ಮಗು ಕನ್ನಡ ಪೀರಿಯಡ್‌ನಲ್ಲಿ ಕಲಿತೇ ಬಂದಿರುತ್ತೆ. ಉಪಮೇಯ (ಹೋಲಿಸೋ ವಸ್ತು), ಉಪಮಾನ (ಯಾವುದಕ್ಕೆ ಹೋಲಿಸಿದೆಯೋ ಅದು), ವಾಚಕಪದ (ಹೋಲಿಕೆ ತೋರಿಸೋ ಪದ), ಸಮಾನಧರ್ಮ (ಎರಡಕ್ಕೂ ಇರೋ ಗುಣ) ನಾಲ್ಕನ್ನೂ ಗುರುತಿಸಿ ಸಮನ್ವಯ ಬರೆಯುತ್ತೆ. ಅದನ್ನೇ ಇಂಗ್ಲಿಷಿಗೆ ಹಚ್ಚಿ. ‘ಹಿ ವಾಸ್ ಆಸ್ ಬ್ರೇವ್ ಆಸ್ ಎ ಲಯನ್’ನಲ್ಲಿ ನಾಲ್ಕೂ ಇವೆ, ಪೂರ್ಣೋಪಮೆ. ‘ಹಿ ಫಾಟ್ ಲೈಕ್ ಎ ಲಯನ್’ನಲ್ಲಿ ಶೌರ್ಯ ಅನ್ನೋ ಮಾತಿಲ್ಲ, ನಾವೇ ತುಂಬಿಕೊಳ್ಳಬೇಕು, ಲುಪ್ತೋಪಮೆ. ‘ಹಿ ವಾಸ್ ಎ ಲಯನ್ ಇನ್ ದ ಫೈಟ್’ ಅಂದಾಗ ಅವನೇ ಸಿಂಹ, ಭೇದವೇ ಇಲ್ಲ, ರೂಪಕ. ಹಾಗಂತ ಲೈಕ್ ಇಲ್ಲದ್ದೆಲ್ಲ ಮೆಟಫರ್ ಆಗಲ್ಲ. ‘ಹಿಸ್ ವಾಯ್ಸ್ ರಿಸೆಂಬಲ್ಡ್ ಥಂಡರ್’ನಲ್ಲಿ ವಾಚಕಪದ ರಿಸೆಂಬಲ್ಡ್. ಕನ್ನಡದಲ್ಲಿ ಅಂತೆ, ವೊಲ್, ತೆರದಿ ಅಂತ ಹಲವು ಇದ್ದ ಹಾಗೆ ಇಂಗ್ಲಿಷಲ್ಲೂ ಇವೆ. ಭಾರತೀಯ ಕಾವ್ಯಮೀಮಾಂಸೆಯನ್ನು ತಿಳಿಗನ್ನಡದಲ್ಲಿ ಕೊಟ್ಟ ತೀನಂಶ್ರೀ ಹುಟ್ಟಿದ್ದು ಇದೇ ಜಿಲ್ಲೆಯ ತೀರ್ಥಪುರದಲ್ಲಿ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ಬಿಎಂಶ್ರೀ ಹುಟ್ಟಿದ್ದು ಸಂಪಿಗೆಯಲ್ಲಿ. ಅಂಥ ಜಿಲ್ಲೆಯಲ್ಲಿ ಕನ್ನಡ ಪೀರಿಯಡ್ಡಿಗೂ ಇಂಗ್ಲಿಷ್ ಪೀರಿಯಡ್ಡಿಗೂ ಮಧ್ಯೆ ಗೋಡೆ ಎದ್ದಿದೆಯಲ್ಲ ಅಂತ ಸಂಕಟ ಆಗುತ್ತೆ.

ಈ ತಪ್ಪು ಪರೀಕ್ಷೆಯಲ್ಲೇ ಮುಗಿಯಲ್ಲ. ‘ಹಿ ಸ್ಪೀಕ್ಸ್ ಲೈಕ್ ಎ ಲಾಯರ್’ ಅಂದರೆ ವಕೀಲರ ಹಾಗೆ ಮಾತಾಡ್ತಾನೆ, ವಕೀಲ ಅಲ್ಲ. ‘ಹಿ ಸ್ಪೀಕ್ಸ್ ಆಸ್ ಎ ಲಾಯರ್’ ಅಂದರೆ ವಕೀಲನಾಗಿ ಮಾತಾಡ್ತಾನೆ, ವಕೀಲನೇ. ಕನ್ನಡದ ‘ಹಾಗೆ’ ಮತ್ತು ‘ಆಗಿ’, ಅಷ್ಟೇ ವ್ಯತ್ಯಾಸ. ಕೆಲಸದ ಅರ್ಜಿಯಲ್ಲಿ ‘ಐ ವರ್ಕ್ಡ್ ಲೈಕ್ ಎ ಟೀಚರ್’ ಅಂತ ಬರೆದವರು ತಾವು ಟೀಚರ್ ಆಗಿರಲೇ ಇಲ್ಲ ಅಂತ ತಾವೇ ಹೇಳಿಬಿಟ್ಟ ಹಾಗಾಯ್ತು. ಐದು ವರ್ಷದ ಅನುಭವ ಒಂದು ಪದಕ್ಕೆ ಹೋಯ್ತು.

‘ಲಿಟರಲಿ’ ಅನ್ನೋ ಪದ ಕೆಟ್ಟಿದ್ದೂ ಇಲ್ಲೇ. ಯಾವುದು ನಿಜ, ಯಾವುದು ಅಲಂಕಾರ ಅಂತ ಕೇಳಿಕೊಳ್ಳದವರು ‘ಮೈ ಹೆಡ್ ಲಿಟರಲಿ ಎಕ್ಸ್‌ಪ್ಲೋಡೆಡ್’ ಅಂತಾರೆ. ಲ್ಯಾಟಿನ್‌ನಲ್ಲಿ ಲಿಟೆರಾ ಅಂದರೆ ಅಕ್ಷರ. ನಮ್ಮ ‘ಅಕ್ಷರಶಃ’ ಇದಕ್ಕೆ ಸರಿಜೋಡಿ. ಅದನ್ನೂ ಟೀವಿಯವರು ಬಿಟ್ಟಿಲ್ಲ, ಮೊಣಕಾಲುದ್ದ ನೀರು ನಿಂತ ರಸ್ತೆ ‘ಅಕ್ಷರಶಃ ಸಮುದ್ರ’. ಆ ಪದ ತೆಗೆದು ಓದಿ. ತಲೆ ಸಿಡೀತು, ರಸ್ತೆ ಸಮುದ್ರವಾಯ್ತು. ಮಾತು ಇನ್ನೂ ಬಲವಾಗಿ ನಿಲ್ಲುತ್ತೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2011ರಲ್ಲಿ ಈ ಉತ್ಪ್ರೇಕ್ಷೆಯ ಅರ್ಥವನ್ನೂ ಸೇರಿಸಿತಲ್ಲ ಅಂತ ಕೇಳ್ತಾರೆ. ಸೇರಿಸಿದೆ, ಆಡುಮಾತಿನದು ಅನ್ನೋ ಗುರುತು ಹಾಕಿ. ಜನ ಹೇಗೆ ಬಳಸ್ತಾರೆ ಅಂತ ದಾಖಲು ಮಾಡೋದು ನಿಘಂಟಿನ ಕೆಲಸ. ಅದನ್ನು ತೋರಿಸಿ ಅರ್ಜಿಯಲ್ಲೂ ವರದಿಯಲ್ಲೂ ಬರೆಯೋಕಾಗಲ್ಲ.

ಒಂದು ಅಂಕದ ಪ್ರಶ್ನೆಗೆ ಇಷ್ಟೆಲ್ಲ ಬೇಕಾ, ಪೋರ್ಷನ್ ಮುಗಿಸೋದು ಯಾವಾಗ ಅಂತ ಮೇಷ್ಟ್ರುಗಳು ಕೇಳಬಹುದು. ಏನನ್ನು ಹೋಲಿಸಿದ್ದಾರೆ, ಯಾವುದಕ್ಕೆ, ಯಾವ ಪದದಿಂದ, ಯಾವ ಗುಣಕ್ಕೆ? ನಾಲ್ಕು ಪ್ರಶ್ನೆಗೆ ಅರ್ಧ ನಿಮಿಷ ಸಾಕು ಸರ್. ಉತ್ತರ ಹೇಳೋದು ಮಕ್ಕಳಿಗೆ ಕನ್ನಡದಲ್ಲಿ ಆಗಲೇ ಬರುತ್ತೆ.

ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಇವತ್ತು ರಾತ್ರಿ ಗೈಡ್ ತೆಗೆದು ಆ ಪುಟ ನೋಡಿ. ಚೌಕ ಸಿಕ್ಕರೆ ಅದರ ಪಕ್ಕದಲ್ಲಿ ‘ಶಿ ಲುಕ್ಸ್ ಲೈಕ್ ಹರ್ ಮದರ್’ ಅಂತ ಪೆನ್ಸಿಲ್‌ನಲ್ಲಿ ಬರೆದು, ಇದು ಸಿಮಿಲಿನಾ ಅಂತ ಕೇಳಿ.