ರವೆ ಮೆತ್ತಿದ ಕಿವಿ

ಬಳ್ಳಾರಿ, ರಾಯಚೂರು ಕಡೆಯವರಿಗೆ ‘ಬೇಸ್’ ಎಂದರೆ ಚೆನ್ನಾಗಿದೆ ಎಂದರ್ಥ. ಊಟ ಬೇಸ್, ಮಳೆ ಬೇಸ್, ನೋಡಿಬಂದ ಸಂಬಂಧವೂ ಬೇಸ್. ಸಿಂಧನೂರಿನ ನನ್ನ ಗೆಳೆಯ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕಿವಿಯೊಳಗೆ ಸಿಕ್ಕಿಸುವ ಇಯರ್‌ಫೋನ್ ಕೊಳ್ಳಲು ನಿಂತಿದ್ದ. ಮಾರಾಟದ ಹುಡುಗ ‘ಸರ್, ನಿಮಗೆ ಬೇಸ್ ಬೇಕೇ?’ ಎಂದ. ‘ಮತ್ತೇನು, ಕೆಟ್ಟದ್ದನ್ನು ಕೊಳ್ಳಲು ಇಷ್ಟು ದೂರ ಬಂದೆನೇ?’ ಎಂದು ಗೆಳೆಯ ಸಿಡುಕಿದ. ಹುಡುಗನ ಬೇಸ್ ಬೇರೆ, ಹಾಡಿನಲ್ಲಿ ಗುಡುಗಿನಂತೆ ಕೇಳುವ ತಗ್ಗಿನ ಸದ್ದು. ಆದರೂ ಅವನಿಗೆ ಆ ಉತ್ತರದಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಇಬ್ಬರೂ ಒಂದೇ ಭಾಷೆ ಮಾತನಾಡುತ್ತಿದ್ದಾರೆ ಎಂಬ ನೆಮ್ಮದಿಯಲ್ಲಿ ವ್ಯಾಪಾರ ಮುಂದುವರಿಯಿತು.

ನಾನು ಗೋಡೆಗೆ ತೂಗುಹಾಕಿದ್ದ ಡಬ್ಬಿಗಳನ್ನು ಓದುತ್ತಾ ನಿಂತೆ. ಸೋನಿಯದು ‘ಎಕ್ಸ್‌ಟ್ರಾ ಬೇಸ್’, ಜೆಬಿಎಲ್‌ನದು ‘ಪ್ಯೂರ್ ಬೇಸ್’, ನಮ್ಮ ದೇಶದ್ದೇ ಆದ ಬೋಟ್‌ನದು ‘ಬೇಸ್‌ಹೆಡ್ಸ್’. ಹಾಲು, ತುಪ್ಪದ ಹಾಗೆ ಬೇಸ್‌ಗೂ ಕಲಬೆರಕೆಯ ಕಾಟ ಶುರುವಾಗಿರಬೇಕು, ಇಲ್ಲದಿದ್ದರೆ ‘ಪ್ಯೂರ್’ ಎಂದು ಯಾಕೆ ಬರೆಯುತ್ತಾರೆ ಎಂದುಕೊಂಡೆ. ಪಿಟೀಲಿಗೆ, ಕೊಳಲಿಗೆ, ಹಾಡುವವರ ಗಂಟಲಿಗೆ ಮೀಸಲಾದ ಡಬ್ಬಿ ಒಂದೂ ಇರಲಿಲ್ಲ. ‘ಇದರಲ್ಲಿ ಹಾಡಿನ ಮಾತು ಅರ್ಥವಾಗುತ್ತದೆ’ ಎಂದು ಬರೆದು ಮಾರಲು ಹೊರಟವನು ವಾರದೊಳಗೆ ಕದ ಹಾಕಿಕೊಂಡು ಊರಿಗೆ ಹೋಗಬೇಕಾದೀತು.

ಡಬ್ಬಿಯ ಬೆನ್ನು ಇನ್ನೂ ಸ್ವಾರಸ್ಯ. 300 ರೂಪಾಯಿಯದರ ಮೇಲೂ 20 ಹರ್ಟ್ಸ್‌ನಿಂದ 20,000 ಹರ್ಟ್ಸ್, ಅದರ ಹತ್ತು ಪಟ್ಟು ಬೆಲೆಯದರ ಮೇಲೂ ಅದೇ. ಅದು ಆರೋಗ್ಯವಂತ ಮನುಷ್ಯನ ಕಿವಿ ಕೇಳಬಲ್ಲ ವ್ಯಾಪ್ತಿ, ತೀರ ತಗ್ಗಿನ ಸದ್ದಿನಿಂದ ತೀರ ಕೀರಲು ಸದ್ದಿನವರೆಗೆ. ಅದನ್ನೇ ನಕಲು ಮಾಡಿ ಎಲ್ಲರೂ ಅಚ್ಚು ಹಾಕಿಸಿದ್ದಾರೆ. 20 ಹರ್ಟ್ಸ್ ಹೊರಡುವುದೇನೋ ನಿಜ, ಎಷ್ಟು ಬಲವಾಗಿ ಹೊರಡುತ್ತದೆ ಎಂಬುದನ್ನು ಡಬ್ಬಿ ಹೇಳುವುದಿಲ್ಲ. ಮದುವೆಯ ಬಯೋಡೇಟಾದಲ್ಲಿ ‘ವರನಿಗೆ ಎರಡು ಕಣ್ಣು, ಒಂದು ಮೂಗು’ ಎಂದು ಬರೆದು ಸಂಬಳದ ಕಾಲಂ ಖಾಲಿ ಬಿಟ್ಟಂತೆ.

‘ಇದು 10 ಎಂ.ಎಂ. ಡ್ರೈವರ್ ಸರ್, ಅದು 13 ಎಂ.ಎಂ.’ ಎಂದ ಹುಡುಗ, 30–40ರ ಸೈಟಿಗಿಂತ 40–60ರ ಸೈಟು ದೊಡ್ಡದು ಎನ್ನುವ ದನಿಯಲ್ಲಿ. ಡ್ರೈವರ್ ಎಂದರೆ ಒಳಗೆ ಕುಳಿತು ಸದ್ದು ಹೊರಡಿಸುವ ಪುಟ್ಟ ಸ್ಪೀಕರ್. ಗೆಳೆಯ ಮರುಮಾತಿಲ್ಲದೆ 13ಕ್ಕೆ ಕೈ ಹಾಕಿದ. ಅದು ಕಿವಿಯ ಹೊರ ಅಂಗಳದಲ್ಲೇ ಕುಳಿತುಕೊಳ್ಳುವ, ರಬ್ಬರ್ ಟೋಪಿಯೇ ಇಲ್ಲದ ಜಾತಿ. ಮನೆಗೆ ಹೋಗಿ ಹಾಕಿಕೊಂಡರೆ ಬೇಸೂ ಇಲ್ಲ, ಬೇಸ್ ಎನ್ನುವಂತೆಯೂ ಇಲ್ಲ. ಎರಡು ತಿಂಗಳಿಗೆ ಇನ್ನೊಂದು ಕೊಂಡ, ಅಷ್ಟರಲ್ಲಿ ಪದದ ಎರಡನೆಯ ಅರ್ಥವೂ ಅವನಿಗೆ ತಿಳಿದಿತ್ತು. ಹೊಸ ಮತಕ್ಕೆ ಸೇರಿದವರ ಭಕ್ತಿ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆಮೇಲೆ ಮೂರನೆಯದು ಬಂತು.

ಬೇಸ್ ಬೇಡವೆನ್ನುವ ಮಡಿವಂತ ನಾನಲ್ಲ. ಡೊಳ್ಳಿನ ಮುಂದೆ ನಿಂತು ಎದೆಯಲ್ಲಿ ಪೆಟ್ಟು ತಿಂದವನಿಗೆ ಅದರ ರುಚಿ ಗೊತ್ತು. ಆದರೆ ಡೊಳ್ಳು ಎದೆಯನ್ನು ಅಲುಗಿಸುತ್ತದೆ. ಇಯರ್‌ಫೋನ್ ಅಲುಗಿಸುವುದು ಕಿವಿಯ ನಾಳದೊಳಗಿನ, ಅರ್ಧ ಚಮಚವೂ ಇಲ್ಲದಷ್ಟು ಗಾಳಿಯನ್ನು. ಆ ಗಾಳಿ ಹೊರಗೆ ಸೋರದಂತೆ ನಾಳದ ಬಾಯಿ ಮುಚ್ಚಿದರೆ ಅಷ್ಟರಲ್ಲೇ ಗುಡುಗು ಹುಟ್ಟುತ್ತದೆ. ಕೂದಲೆಳೆಯಷ್ಟು ಸಂದು ಉಳಿದರೂ ಮೊದಲು ಓಡಿಹೋಗುವುದೇ ಬೇಸ್. ಮುಚ್ಚುವ ಕೆಲಸ ಡಬ್ಬಿಯೊಳಗೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಚಿಕ್ಕ, ದೊಡ್ಡ ಅಳತೆಯ ರಬ್ಬರ್ ಟೋಪಿಗಳದು. ಮಧ್ಯಮ ಅಳತೆಯದನ್ನು ಕಂಪನಿಯೇ ತೊಡಿಸಿ ಕಳಿಸುತ್ತದೆ, ಉಳಿದವನ್ನು ನಾವು ಡಬ್ಬಿಯ ಸಮೇತ ಎಸೆಯುತ್ತೇವೆ. ಚಪ್ಪಲಿ ಕೊಳ್ಳುವಾಗ ಅಂಗಡಿಯ ತುದಿಯಿಂದ ತುದಿಗೆ ನಾಲ್ಕು ಸಲ ನಡೆದು ನೋಡುವ ಜನ, ಕಿವಿಗೆ ಮಾತ್ರ ಕಾರ್ಖಾನೆ ಕೊಟ್ಟ ಅಳತೆಯೇ ಬ್ರಹ್ಮಲಿಪಿ.

ನಮ್ಮಲ್ಲಿ ಬೇಸ್ ಹೆಚ್ಚಿಸುವ ವಿದ್ಯೆ ಹಳೆಯದು. ಮೃದಂಗದವರು ಕಛೇರಿಗೆ ಮುಂಚೆ ಎಡಭಾಗದ ಚರ್ಮಕ್ಕೆ ನೀರಿನಲ್ಲಿ ಕಲಸಿದ ರವೆ ಮೆತ್ತುತ್ತಾರೆ. ಬೆರಳಲ್ಲಿ ತಟ್ಟಿ, ಕೇಳಿ, ಹೆಚ್ಚಾಯಿತು ಎನಿಸಿದರೆ ಚಿಟಿಕೆಯಷ್ಟು ತೆಗೆಯುತ್ತಾರೆ. ಕಛೇರಿ ಮುಗಿದ ಮೇಲೆ ಪೂರ್ತಿ ಕೆರೆದುಬಿಡುತ್ತಾರೆ. ಇಯರ್‌ಫೋನಿನ ವಿದ್ವಾಂಸರು ಕಾರ್ಖಾನೆಯಲ್ಲೇ ಕಿಲೋಗಟ್ಟಲೆ ರವೆ ಮೆತ್ತಿ ಕಳಿಸುತ್ತಾರೆ, ಕೆರೆಯುವ ಪದ್ಧತಿಯಿಲ್ಲ. ಸಾಲದೆಂದು ಕೊಂಡವನು ಮೊಬೈಲಿನ ಈಕ್ವಲೈಜರ್‌ನಲ್ಲಿ ‘ಬೇಸ್ ಬೂಸ್ಟ್’ ಒತ್ತಿ ಇನ್ನೊಂದು ಹಿಡಿ ಸುರಿಯುತ್ತಾನೆ. ಹಾಡು ಉಪ್ಪಿಟ್ಟಾಗುತ್ತದೆ.

ತಗ್ಗಿನ ಸದ್ದು ಜೋರಾದಷ್ಟೂ ಮೇಲಿನ ಸದ್ದುಗಳು ಅದರಡಿ ಮುಚ್ಚಿಹೋಗುತ್ತವೆ. ಅದು ಕಿವಿಯ ಜಾಯಮಾನ. ಹಾಡಿನ ಮಾತು ಕೇಳುತ್ತಿಲ್ಲವೆಂದು ವಾಲ್ಯೂಮ್ ಏರಿಸುತ್ತೇವೆ, ಏರಿಸಿದರೆ ಬೇಸೂ ಏರುತ್ತದೆ, ಮಾತು ಮತ್ತೆ ಮುಳುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟುವಷ್ಟರಲ್ಲಿ ವಾರದ ಪಡಿತರ ಮುಗಿದಿರುತ್ತದೆ.

ಮೊಬೈಲಿನಲ್ಲಿ ಗಟ್ಟಿಯಾಗಿ ಹಾಡು ಹಾಕುವುದನ್ನು ಕೆಎಸ್‌ಆರ್‌ಟಿಸಿ ಬಸ್‌ಗಳಲ್ಲಿ 2021ರಲ್ಲಿ ನಿಷೇಧಿಸಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಈಗ ಪಕ್ಕದ ಸೀಟಿನವನ ಬೇಸೆಲ್ಲ ಅವನ ಕಿವಿಗೇ ಮೀಸಲು. ನಮ್ಮ ಪಾಲಿಗೆ ಬರುವುದು ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಂಥ ‘ಚುಯ್ ಚುಯ್’ ಮಾತ್ರ, ಮೆಜೆಸ್ಟಿಕ್‌ನಿಂದ ತುಮಕೂರಿನವರೆಗೆ. ದೋಸೆ ಮಾತ್ರ ಬರುವುದಿಲ್ಲ.

ಕಳೆದ ಭಾನುವಾರ ಗೆಳೆಯನ ಮನೆಗೆ ಹೋಗಿದ್ದೆ. ಮೂರನೆಯದೂ ದಂಡ, ನಾಲ್ಕನೆಯದಕ್ಕೆ ಮೊಬೈಲಿನಲ್ಲಿ ಹುಡುಕುತ್ತಿದ್ದ. ಕೈಗೆ ತೆಗೆದುಕೊಂಡು ನೋಡಿದರೆ ಅದೇ ಮಧ್ಯಮ ಟೋಪಿ; ತಲೆ ಆಡಿಸಿದರೆ ಸಾಕು, ಕಿವಿಯಿಂದ ಜಾರುತ್ತಿತ್ತು. ‘ಇದರ ಜೊತೆ ರಬ್ಬರ್ ಬಂದಿರಬೇಕಲ್ಲ?’ ಎಂದೆ. ಅವನು ಎಸೆದಿದ್ದೇನೆ ಎಂದ. ಅಡುಗೆಮನೆಯಿಂದ ಅತ್ತಿಗೆ ‘ಎಸೆಯುವುದಕ್ಕೆ ನಾನು ಬಿಟ್ಟರಲ್ಲವೇ’ ಎನ್ನುತ್ತಾ ಹಳೆಯ ಬಿಸ್ಕತ್ತಿನ ಡಬ್ಬಿ ತಂದರು. ದಾರದುಂಡೆ, ಒಂಟಿ ಗುಂಡಿಗಳು, ಪಿನ್ನು, ಅವುಗಳ ನಡುವೆ ಆ ಪುಟ್ಟ ಚೀಲ. ದೊಡ್ಡದನ್ನು ತೊಡಿಸಿ, ಅವನ ಕಿವಿಯ ತುದಿಯನ್ನು ಮೇಲಕ್ಕೆಳೆದು, ಒಳಗೆ ತಿರುಗಿಸಿ ಕೂರಿಸಿದೆ. ಹಾಡು ಹಾಕಿದ. ಹುಬ್ಬು ಮೇಲೇರಿತು, ಕಣ್ಣು ಮುಚ್ಚಿತು, ಸೋಫಾದ ಕೈ ಮೇಲೆ ಬೆರಳು ತಾಳ ಹಾಕತೊಡಗಿತು.

‘ಬೇಸ್!’ ಎಂದು ಮನೆಯೆಲ್ಲ ಕೇಳುವಂತೆ ಕೂಗಿದ.

‘ಯಾವ ಬೇಸ್, ನಿಮ್ಮ ಊರಿನದೋ, ಎಸ್.ಪಿ. ರಸ್ತೆಯದೋ?’ ಎಂದು ಕೇಳಿದೆ. ಅವನಿಗೆ ಕೇಳಿಸಲಿಲ್ಲ.